ಎಪ್ಪತ್ತೆರಡು ಸಮಾಧಿ

ಎಂಟು ದಿನದಿಂದ ಅಣ್ಣ ತಂಗಿಯ ನಡುವೆ ಮಾತಿರಲಿಲ್ಲ. ಬಟ್ಟೆ ಕತ್ತರಿಸುವ ಅವಳ ಕತ್ತರಿಯಲ್ಲಿ ಅವನು ಪ್ಲಾಸ್ಟಿಕ್ ಪೈಪು ಕೊಯ್ದಿದ್ದ. ಅವಳು ದರ್ಜಿ, ಅವನು ನಲ್ಲಿ ರಿಪೇರಿಯವನು; ಇಷ್ಟು ಹೇಳಿದರೆ ಆ ಜಗಳ ಎಂಥದ್ದೆಂದು ಯಾರಿಗಾದರೂ ತಿಳಿದೀತು.

ಕೋಟೆಯ ಕೆಲಸ ಮಾತ್ರ ನಿಂತಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಕಂಪ್ಯೂಟರಿನ ಆಟವೊಂದರಲ್ಲಿ ಇಬ್ಬರೂ ಸೇರಿ ಒಂದು ವರ್ಷದಿಂದ ಕಟ್ಟುತ್ತಿದ್ದ ಕೋಟೆ ಅದು. ಬೆಳಿಗ್ಗೆ ಅವಳ ಸರದಿ, ಸಂಜೆ ಅವನದು. ಒಳಗೆ ಎಪ್ಪತ್ತಮೂರು ಪುಟ್ಟ ಜನ. ಯಾರಿಗೆ ಯಾರ ಮೇಲೆ ಮನಸ್ಸು, ಯಾರು ಕತ್ತಲೆಗೆ ಹೆದರುತ್ತಾರೆ ಎಂದು ಒಬ್ಬೊಬ್ಬರಿಗೂ ಅವಳು ಕಥೆ ಕಟ್ಟಿಟ್ಟಿದ್ದಳು. ಸತ್ತವರು ಸತ್ತ ಹಾಗೆಯೇ, ಉಳಿಸಿಟ್ಟ ಹಳೆಯ ಆಟವನ್ನು ತೆರೆದು ಅವರನ್ನು ಬದುಕಿಸುವಂತಿಲ್ಲ ಎಂಬುದು ಇಬ್ಬರೂ ಮಾಡಿಕೊಂಡ ಕಟ್ಟಳೆ.

ಭಾನುವಾರ ಮಧ್ಯಾಹ್ನ ರಾಕ್ಷಸರ ದಂಡು ಬಂತು. ಅಣ್ಣ ಬಾಗಿಲಲ್ಲಿ ಬಂದು ನಿಂತ. ಅವಳು ತಿರುಗಿಯೂ ನೋಡಲಿಲ್ಲ. ಜನರನ್ನೆಲ್ಲ ಹೆಬ್ಬಾಗಿಲ ಕೆಳಗಿನ ಸುರಂಗಕ್ಕೆ ಇಳಿಸಿದಳು. ಮೇಲೆ ಉಳಿದವನು ಒಬ್ಬನೇ, ಅವಳು 'ತೂಕಡಿಕೆ' ಎಂದು ಕರೆಯುತ್ತಿದ್ದ ಸೋಮಾರಿ. ಕಂದಕದ ಸೇತುವೆ ಎತ್ತುವ ಲಿವರನ್ನು ಅವನಿಂದ ಎಳೆಸಿದಳು.

ಸೇತುವೆ ಎದ್ದಿತು. ಅದರ ಜೊತೆಗೇ ಸುರಂಗಕ್ಕೆ ನೀರು ನುಗ್ಗಿತು.

"ಏಯ್! ಈ ನೀರು ಎಲ್ಲಿಂದ ಬಂತು?"

"ಅಯ್ಯೋ, ಅಲ್ಯಾಕೆ ಜನ ಇಟ್ಟೆ!" ಅಣ್ಣ ಓಡಿ ಬಂದ. "ರಾಕ್ಷಸರು ಸುರಂಗದಲ್ಲಿ ನುಗ್ತಾರೆ, ಮುಳುಗಿಸೋಣ ಅಂತ ಕೆರೆ ತೂಬನ್ನ ಅದೇ ಲಿವರ್‌ಗೆ ಸೇರಿಸಿದ್ದೆ. ವಾಪಸ್ ತಳ್ಳಿಸು, ಬೇಗ!"

ತಳ್ಳುವವನೆಲ್ಲಿ? ಒಮ್ಮೆ ಎಳೆದ ಆಯಾಸಕ್ಕೆ ತೂಕಡಿಕೆ ಅಲ್ಲೇ ಮಲಗಿಬಿಟ್ಟಿದ್ದ. ಅವಳು ಮೌಸನ್ನು ಮೇಜಿಗೆ ಕುಟ್ಟಿದಳು, ಬೈದಳು. ಅವನು ಏಳಲಿಲ್ಲ; ಕೆಳಗಿದ್ದವರೆಲ್ಲ ಮುಳುಗಿದರು. ದಾಟಲು ದಾರಿ ಕಾಣದ ರಾಕ್ಷಸರು ಒಂದು ಕಲ್ಲನ್ನೂ ಎಸೆಯದೆ ಬಂದ ದಾರಿ ಹಿಡಿದರು.

"ತಲೆ ಇದೆಯೇನೋ ನಿಂಗೆ? ನಂಗೊಂದು ಮಾತು ಹೇಳ್ಬಾರದಿತ್ತಾ?"

"ಯಾರಿಗೆ ಹೇಳ್ಲಿ? ಮುಖ ಊದಿಸ್ಕೊಂಡು ಕೂತಿದ್ಯಲ್ಲ, ಮಹಾರಾಣಿ! ಜನರನ್ನ ಸುರಂಗಕ್ಕೆ ಇಳಿಸ್ತೀನಿ ಅಂತ ನೀನು ಹೇಳಿದ್ಯಾ?"

ಹೇಳಿರಲಿಲ್ಲ. ಅದಕ್ಕೇ ಅವಳ ಸಿಟ್ಟು ನೆತ್ತಿಗೇರಿತು.

"ಹೋಗ್ಲಿ, ಬೆಳಿಗ್ಗೆ ಆಟ ಉಳಿಸಿಟ್ಟಿದ್ದು ಇದೆಯಲ್ಲ, ಅದನ್ನೇ ತೆಗೆಯೋಣ," ಎಂದು ಅವನು ಮೌಸಿಗೆ ಕೈ ಚಾಚಿದ.

"ತೆಗೆದ್ರೆ ಕೈ ಮುರಿದು ಹಾಕ್ತೀನಿ. ಕೂತ್ಕೋ. ಎಪ್ಪತ್ತೆರಡು ಸಮಾಧಿ, ಒಂದೊಂದಾಗಿ ನೀನೇ ತೋಡಿಸು. ಆ ಸೋಮಾರಿ ಎದ್ದ ತಕ್ಷಣ ಶುರು ಮಾಡು."

"ಮುಳುಗಿಸಿದ್ದು ನಾನೊಬ್ಬನೇನಾ?"

ಅವಳು ಸ್ಟೂಲನ್ನು ದರದರ ಎಳೆದು ಅವನ ಪಕ್ಕದಲ್ಲೇ ಕುಕ್ಕರಿಸಿದಳು. ತೂಕಡಿಕೆ ಎದ್ದು, ಆಕಳಿಸಿ, ಗುದ್ದಲಿ ಹಿಡಿದ.

ಒಂಬತ್ತನೆಯದಕ್ಕೆ ಅಣ್ಣ ಮೆಲ್ಲಗೆ ಕೇಳಿದ: "ಈ ಮುದುಕಿ ಯಾರು?"

"ಕತ್ತಲೆ ಅಂದ್ರೆ ಹೆದರೋಳು. ದೀಪದ ಹತ್ರ ತೋಡಿಸು."

ಅವನು ಜಾಗ ತೋರಿಸಿದ.

"ಇನ್ನೂ ಹತ್ರ ಕಣೋ, ಕುರುಡಾ!" ಎಂದು ಅವಳು ಕಿರುಚಿದಳು.