ಕಿಟಕಿ ಪಕ್ಕದ ಕುರ್ಚಿ

೧
ಎಲ್ಲಿಂದ ಶುರು ಮಾಡಲಿ? ಕನ್ನಡಕದಿಂದ ಮಾಡಿದರೆ ಜಾಹೀರಾತಿನಂತಿರುತ್ತದೆ. ಅಮ್ಮನ ಕಣ್ಣಿನಿಂದ ಮಾಡಿದರೆ ನೀವು ಮರುಗುತ್ತೀರಿ. (“ನನ್ನನ್ನ ಪಾಪದೋಳು ಮಾಡಿದ್ರೆ ಕಥೆಯಿಂದ ಎದ್ದು ಹೋಗ್ತೀನಿ ನೋಡು,” ಎಂದು ಅಮ್ಮ ಮೊದಲೇ ಗದರಿದ್ದಾಳೆ.) ಹಾಗಾಗಿ ಕುರ್ಚಿಯಿಂದ.

೨
ಅಮ್ಮನಿಗೆ ದೃಷ್ಟಿ ಹೋದ ಮೇಲೆ ಮಾತಾಡುವ ಕನ್ನಡಕ ತಂದೆ. ಅದರ ಕ್ಯಾಮೆರಾ ಎದುರಿಗಿರುವುದನ್ನು ನೋಡುತ್ತದೆ, ಸೆನ್ಸರ್ ಮನೆಯ ಯಾವ ಮೂಲೆ ಎಂದು ಗುರುತಿಸುತ್ತದೆ. ಎರಡನ್ನೂ ಕೂಡಿಸಿ ವಸ್ತುವಿನ ಹೆಸರು ಹೇಳುತ್ತದೆ. ಗೊತ್ತಾಗದಿದ್ದರೆ ಕೇಳಿ ಕಲಿಯುತ್ತದೆ.

“ಹಿಂದಿಂದೆ ಸುತ್ತಬೇಡ. ಆಫೀಸಿಗೆ ಹೋಗು,” ಎಂದಳು ಅಮ್ಮ. ನಾನು ರಜೆ ಹಾಕಿದ್ದೆ. ಬಾಗಿಲು ತೆಗೆದು ಮುಚ್ಚಿದ ಸದ್ದು ಮಾಡಿ, ಬರಿಗಾಲಲ್ಲಿ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕುಳಿತೆ. ಅಮ್ಮ ಎಡವಿದರೆ ಹಿಡಿಯಬೇಕಲ್ಲ.

ಕನ್ನಡಕ ನನ್ನತ್ತ ತಿರುಗಿತು. “ಇದೇನು?”

“ಕಿಟಕಿ ಹತ್ರಾನಾ? ಕುರ್ಚಿ ಕಣೋ ದಡ್ಡ.”

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಸಿಕ್ಕಿಬೀಳುತ್ತಿದ್ದೆ.

೩
(ಇಲ್ಲೊಂದು ನಗಿಸುವ ಭಾಗವಿತ್ತು. ಎರಡು ಸಲ ಓದಿದೆ, ಅಳಿಸಿದೆ.)

೪
ದಿನವೂ ಹಾಗೇ ಕುಳಿತೆ. ಅದು ದಿನವೂ ಕಲಿಯಿತು. ಈಗ ನಾನು ಎಲ್ಲಿ ನಿಂತರೂ ಅದಕ್ಕೆ ಕುರ್ಚಿ. ನಿನ್ನೆ ಸಂಜೆ, ಕೆಲಸದಿಂದ ಬಂದವಳಂತೆ, “ಅಮ್ಮಾ” ಎನ್ನುತ್ತ ಅಡುಗೆಮನೆಗೆ ಹೋದೆ.

“ಬಾಗಿಲಲ್ಲಿ ಕುರ್ಚಿ,” ಎಂದಿತು.

ಅಮ್ಮ ತಲೆ ಎತ್ತಿದಳು. “ಫೋನಲ್ಲಿ ಮಾತಾಡ್ತಿದ್ದೀಯೇನೇ? ದನಿ ಇಲ್ಲೇ ಇದ್ದ ಹಾಗಿದೆ.”

“ಇಲ್ಲೇ ಇದ್ದೀನಮ್ಮ.”

“ಸುಮ್ನಿರೇ. ಈ ಕನ್ನಡಕದೋನು ಕುರ್ಚಿ, ಯಾರೂ ಇಲ್ಲ ಅಂತಾನಲ್ಲ.”

೫
ಮುಗಿಸುವ ಬಗೆ ಒಂದು: ಅಮ್ಮ ಮಲಗಿದಾಗ ಕನ್ನಡಕವನ್ನು ನನ್ನತ್ತ ತಿರುಗಿಸಿ, “ಇದು ಮಗಳು” ಎಂದು ಕಲಿಸುತ್ತೇನೆ. (ಕಲಿಸಿ ನೋಡಿದೆ. “ಮಗಳು ಆಫೀಸಿಗೆ ಹೋಗಿದ್ದಾಳೆ,” ಎಂದಿತು.)

ಬಗೆ ಎರಡು: ಅಮ್ಮನಿಗೆ ಮೊದಲಿನಿಂದಲೂ ಎಲ್ಲ ಗೊತ್ತು. (“ಗೊತ್ತಿದ್ರೆ ನಾನು ಸುಮ್ನೆ ಬಿಡ್ತಿದ್ನಾ?” ಹೌದು, ಬಿಡುತ್ತಿರಲಿಲ್ಲ. ಇದನ್ನೂ ಅಳಿಸಿ.)

ಬಗೆ ಮೂರನ್ನು ನಾನು ಯೋಚಿಸಿಲ್ಲ. ಅದು ನಡೆದುಕೊಂಡು ಬರುತ್ತಿದೆ. ಕಿಟಕಿ ಪಕ್ಕ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಗೋಡೆ ಸವರುತ್ತ ಇತ್ತಲೇ ಬಂದಳು.

“ಕಾಲು ಸೋತೋಯ್ತು. ಕುರ್ಚಿ ಎಲ್ಲಿದೆಯೋ?”

“ಎದುರಿಗೇ ಕುರ್ಚಿ. ಖಾಲಿ ಇದೆ.”

ಅಮ್ಮ ಬೆನ್ನು ತಿರುಗಿಸಿ, ಕೈ ಹಿಂದೆ ಚಾಚಿ ನನ್ನ ಮೊಣಕಾಲು ಮುಟ್ಟಿದಳು.

“ಬೆಚ್ಚಗಿದೆ,” ಎಂದಳು. “ಬಿಸಿಲಿಗಿರಬೇಕು.”

ನಾನು ಬಾಯಿ ತೆರೆದಿದ್ದೇನೆ. ಅಮ್ಮ ಕೂರುತ್ತಿದ್ದಾಳೆ