ಬಾಣಂತಿ ಸೌದೆ

ಅಮ್ಮಾಜಮ್ಮನವರು ಹಿತ್ತಲಿನ ಸೌದೆ ಒಟ್ಟಿಲನ್ನು ಕಾಲಿನ ಹೆಬ್ಬೆರಳಿನಿಂದ ಒಂದೇ ಒಂದು ಸಲ ಮುಟ್ಟಿದರು. ಅಷ್ಟಕ್ಕೇ ಎದೆಮಟ್ಟದ ಒಟ್ಟಿಲು ಉಸ್ಸೆಂದು ಕುಸಿದು ಒಳಗಿನಿಂದ ಕೆಂಪು ಮಣ್ಣು ರಾಗಿ ಹಿಟ್ಟಿನಂತೆ ಸುರಿಯಿತು. ಆರು ತಿಂಗಳಿಂದ ಲಕ್ಷ್ಮಿದೇವಮ್ಮ ಒಂದೊಂದೇ ಜಾಲಿ ತುಂಡು ಆರಿಸಿ ಜೋಡಿಸಿದ್ದ ಸೌದೆ ಅದು. ಮೇಲೆ ಗರಿ ಹೊದಿಸಿ ಮಳೆಯಿಂದ ಕಾಪಾಡಿದ್ದಳು. ಕೆಳಗೆ ನಾಲ್ಕು ಕಲ್ಲು ಹಾಸುವುದನ್ನು ಮಾತ್ರ ಮರೆತಿದ್ದಳು. ಗೆದ್ದಲು ಮರೆತಿರಲಿಲ್ಲ.

"ಇದನ್ನ ಉರಿಸಿ ನನ್ನ ಸೊಸೆಗೆ ನೀರು ಕಾಯಿಸ್ತೀರಾ ವದಿನಾ?" ಎಂದರು ಅಮ್ಮಾಜಮ್ಮ. ಆಂಧ್ರದ ಗಡಿಗೆ ಹತ್ತಿರದ ಆ ಸೀಮೆಯಲ್ಲಿ ಬೀಗಿತಿಯರು ಒಬ್ಬರನ್ನೊಬ್ಬರು ವದಿನಾ ಎಂದೇ ಕರೆಯುವುದು. ಕರೆಯುವುದು ಪ್ರೀತಿಯಿಂದ, ಚುಚ್ಚುವುದೂ ಅದೇ ಪ್ರೀತಿಯಿಂದ.

ಲಕ್ಷ್ಮಿದೇವಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಗಳು ಶಾಂತಕುಮಾರಿಗೆ ಒಂಬತ್ತು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತೌರಿನಲ್ಲೇ ಆಗಬೇಕು, ಆಮೇಲೆ ತಿಂಗಳೊಪ್ಪತ್ತು ದಿನಾ ಹಂಡೆಗಟ್ಟಲೆ ನೀರು ಕಾಯಿಸಿ ಬಾಣಂತಿಯ ಸೊಂಟಕ್ಕೆ ಬೆನ್ನಿಗೆ ಹುಯ್ಯಬೇಕು. ಅದಕ್ಕೆಂದೇ ತಾಯಿಯಾದವಳು ಮಗಳು ಬಸುರಿ ಎಂದು ಕೇಳಿದ ದಿನದಿಂದ ಬೇರೆ ಸೌದೆ ಕೂಡಿಡುತ್ತಾಳೆ. ಅಡುಗೆಗೆ ಅದರಲ್ಲಿ ಒಂದು ಚೆಕ್ಕೆಯನ್ನೂ ಮುಟ್ಟುವುದಿಲ್ಲ. ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿ ಬೇಕಾದಷ್ಟಿತ್ತು. ಆದರೆ ಆ ಕಡ್ಡಿ ಭರ್ರೆಂದು ಉರಿದು ತಣ್ಣಗಾಗುತ್ತದೆ, ಅದರಿಂದ ಸಾರು ಕುದಿಯುತ್ತದೆಯೇ ಹೊರತು ಹಂಡೆ ಕಾಯುವುದಿಲ್ಲ.

"ಒಂದು ವಾರದಿಂದ ಜಡಿಮಳೆ, ವದಿನಾ. ಚಿಂತಾಮಣಿ ಡಿಪೋನಾಗೂ ಸೌದೆ ನೆಂದು ತೊಪ್ಪೆ ಆಗಿದೆಯಂತೆ. ಬಿಸಿಲು ಬಿದ್ರೆ ಹೇಗೋ..."

"ಬಿಸಿಲು ಬೀಳೋವರ್ಗೂ ಮಗು ಒಳಗೇ ಇರ್ತೀನಿ ಅಂತ ಹೇಳಿದೆಯಾ? ನಮ್ಮ ಮೇಲೂರಿನ ಮನೇಲಿ ಅಟ್ಟದ ತುಂಬ ಒಣಗಿದ ಸೌದೆ ಇದೆ. ನಾಳೆ ಬೆಳಿಗ್ಗೆ ಗಾಡಿಗೆ ಮೆತ್ತಗೆ ಹುಲ್ಲು ಹಾಸಿ ಕರ್ಕೊಂಡು ಹೋಗ್ತೀನಿ. ಅಷ್ಟರೊಳಗೆ ಒಂದು ಬಾಣಂತನಕ್ಕಾಗೋ ಒಣ ಸೌದೆ ನನ್ನ ಕಣ್ಣಿಗೆ ಕಂಡ್ರೆ ನನ್ನ ಮಾತೇ ಇಲ್ಲ."

ಒಳಗಿನಿಂದ ಶಾಂತಕುಮಾರಿ, "ಅಮ್ಮಾ, ನಾನು ಹೋಗಲ್ಲ ಕಣಮ್ಮಾ!" ಎಂದಳು. ಆ ಕೂಗು ಕೇಳಿದ್ದೇ ತಡ, ಲಕ್ಷ್ಮಿದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡಲಿ ಹೆಗಲಿಗೇರಿಸಿದಳು.

ಕೆಂಚಾರ್ಲಹಳ್ಳಿಯ ಕೆರೆಯ ಏರಿಯ ಕೆಳಗೆ ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಹುಣಸೆ ಮರದ ಬೊಡ್ಡೆ ಇತ್ತು. ಕೊಂಬೆ ರೆಂಬೆ ಎಲ್ಲ ಊರವರು ಹಂಚಿಕೊಂಡಿದ್ದರು. ಉಳಿದದ್ದು ಬುಡದ ಕೊರಡು, ಎರಡು ಎತ್ತಿನಷ್ಟು ದಪ್ಪ, ಗಂಟು ಗಂಟು. ಸೌದೆ ಒಡೆಯುವ ಕೋನಪ್ಪ ಅದರ ಮೇಲೆ ಮೂರು ಕೊಡಲಿ ಕಾವು ಮುರಿದು ಕೈಬಿಟ್ಟಿದ್ದ. ಊರಿನ ಹಿರಿಯ ವೆಂಕಟರಾಯಪ್ಪನವರು ಆವತ್ತೇ ಹೇಳಿಬಿಟ್ಟಿದ್ದರು: "ಸೀಳಿದೋರದ್ದೇ ಬೊಡ್ಡೆ. ಯಾರನ್ನೂ ಕೇಳಬೇಕಾಗಿಲ್ಲ." ಎರಡು ಬೇಸಿಗೆ ಕಂಡ ಮರ, ಹೊರಗೆ ಎಷ್ಟು ನೆಂದಿದ್ದರೂ ಒಳಗಿನ ಗಟ್ಟಿ ತಿರುಳು, ಆ ಚೇಗು, ಮೂಳೆಯಂತೆ ಒಣಗಿರುತ್ತದೆ ಎಂದು ಲಕ್ಷ್ಮಿದೇವಮ್ಮನಿಗೆ ಗೊತ್ತು.

ಮೊದಲ ಏಟಿಗೆ ಕೊಡಲಿ ಠಣ್ಣೆಂದು ಹಿಂದಕ್ಕೆ ಹಾರಿತು. ಹತ್ತನೆಯ ಏಟಿಗೂ ಹಾಗೇ. ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಏರಿಯ ಮೇಲೆ ಬೀಡಿ ಸೇದುತ್ತಾ ಕುಳಿತಿದ್ದ ಕೋನಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ಅಕ್ಕಯ್ಯಾ, ಅದು ಮರ ಅಲ್ಲ, ನಮ್ಮ ಭಾವನ ತಲೆ. ಏನು ಹೊಡೆದ್ರೂ ಒಳಕ್ಕೆ ಇಳಿಯಲ್ಲ!"

"ನಿನ್ನ ನಾಲಿಗೆಯಷ್ಟು ಹರಿತ ನಿನ್ನ ಕೊಡಲಿಗಿದ್ದಿದ್ರೆ ಎರಡು ವರ್ಷದ ಹಿಂದೆನೇ ಇದು ಯಾರದೋ ಒಲೇಲಿರ್ತಿತ್ತು ಕಣೋ. ಇಳಿದು ಬಂದು ಒಂದು ಬೆಣೆ ಹಿಡಿ!"

ಕೋನಪ್ಪ ನಗುತ್ತಲೇ ಇಳಿದು ಬಂದ. ಕಬ್ಬಿಣದ ಬೆಣೆ ಇಟ್ಟು ಸಮ್ಮಟಿಗೆಯಿಂದ ಇಬ್ಬರೂ ಸರದಿಯ ಮೇಲೆ ಹೊಡೆದರು. ಬೆಣೆ ಒಂದು ಬೆರಳು ಇಳಿದು, ಗಂಟಿಗೆ ತಾಗಿ, ಚಿಟ್ಟನೆ ಹಾರಿ ಕೆಸರಿನಲ್ಲಿ ಬಿತ್ತು. ಎಲ್ಲಿ ಇಟ್ಟರೂ ಅದೇ ಕಥೆ. ಮಧ್ಯಾಹ್ನದವರೆಗೆ ಬಡಿದು ಸಿಕ್ಕಿದ್ದು ಒಂದು ಮಡಿಲು ಚೆಕ್ಕೆ. ಮನೆಯಲ್ಲಿ ಬೀಗಿತಿಗೆ ಮುದ್ದೆ ಆಗಬೇಕಲ್ಲ, ಲಕ್ಷ್ಮಿದೇವಮ್ಮ ಕೊಡಲಿಯನ್ನು ಅಲ್ಲೇ ಬಿಟ್ಟು ಓಡಿದಳು.

ದಾರಿಯಲ್ಲಿ ಗಂಡ ಬಯ್ಯಪ್ಪ ಎದುರಾದ. ಬಯ್ಯಪ್ಪ ವ್ಯವಸಾಯದವನೇ, ಆದರೆ ಬೇಸಿಗೆಯಲ್ಲಿ ಬಂಡೆಯ ಮೇಲೆ ಚಪ್ಪಡಿ ಎಬ್ಬಿಸುವುದರಲ್ಲಿ ಎತ್ತಿದ ಕೈ. ಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಇಟ್ಟು, ಕಾದ ಕಲ್ಲನ್ನು ಸುತ್ತಿಗೆಯಿಂದ ತಟ್ಟುತ್ತಾ ಕಿವಿಗೊಟ್ಟು, ಸದ್ದು ಪೊಳ್ಳಾದ ಗಳಿಗೆಗೆ ಪದರ ಎಬ್ಬಿಸುವ ವಿದ್ಯೆ ಅದು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಅವನು ಮೀಸೆ ತಿರುವಿದ.

"ಆನೆಯಂಥ ಬಂಡೆನೇ ಬಾಯಿ ಬಿಡಿಸ್ತೀನಿ. ಯಃಕಶ್ಚಿತ್ ಒಂದು ಹುಣಸೆ ಬೊಡ್ಡೆ! ನೀನು ಹೋಗಿ ಮುದ್ದೆ ತಿರುವು, ನಾನು ನೋಡ್ಕೋತೀನಿ."

ಹೇಗೆ ನೋಡಿಕೊಳ್ಳುತ್ತಾನೆಂದು ಕೇಳಲು ಲಕ್ಷ್ಮಿದೇವಮ್ಮನಿಗೆ ಪುರುಸೊತ್ತಿರಲಿಲ್ಲ. ಕೇಳಬೇಕಾಗಿತ್ತು.

ಅಮ್ಮಾಜಮ್ಮನವರು ಎರಡನೆಯ ಮುದ್ದೆ ಮುರಿಯುವ ಹೊತ್ತಿಗೆ ಬೀದಿಯಲ್ಲಿ ಗುಲ್ಲೆದ್ದಿತು. "ಬೊಡ್ಡೆಗೆ ಬೆಂಕಿ ಬಿತ್ತು! ಬಯ್ಯಪ್ಪಣ್ಣ ಬೊಡ್ಡೆಗೆ ಬೆಂಕಿ ಇಟ್ಟವ್ನೆ!"

ಲಕ್ಷ್ಮಿದೇವಮ್ಮ ಸಾರಿನ ಸೌಟು ಕೈಯಲ್ಲಿ ಹಿಡಿದೇ ಓಡಿದಳು. ಕೆರೆ ಕೆಳಗೆ ಅರ್ಧ ಊರು ನೆರೆದಿತ್ತು. ಬಯ್ಯಪ್ಪ ಮನೆಯ ಹಿಪ್ಪುನೇರಳೆ ಕಡ್ಡಿಯನ್ನೆಲ್ಲ ಹೊತ್ತು ತಂದು ಬೊಡ್ಡೆಯ ಒಂದು ತುದಿಗೆ ಒಟ್ಟಿ ಧಗಧಗ ಉರಿಸಿದ್ದ. ಮರಕ್ಕೆ ಕಿವಿಗೊಟ್ಟು ಸುತ್ತಿಗೆಯಿಂದ ತಟ್ಟುತ್ತಾ, "ಇನ್ನೊಂದು ಗಳಿಗೆ! ಈಗ ಪದರ ಏಳುತ್ತೆ, ನೋಡ್ತಾ ಇರಿ!" ಎನ್ನುತ್ತಿದ್ದ. ಏಳುತ್ತಿದ್ದದ್ದು ಪದರವಲ್ಲ, ಕೆಂಡ. ಬೊಡ್ಡೆಯ ತುದಿ ಹಂಚಿನಂತೆ ಕೆಂಪಾಗಿತ್ತು.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಕಲ್ಲು ಸುಟ್ರೆ ಕಲ್ಲು ಉಳಿಯುತ್ತೆ. ಸೌದೆ ಸುಟ್ರೆ ಏನ್ರೀ ಉಳಿಯುತ್ತೆ?"

ಬಯ್ಯಪ್ಪನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆ ಮಾತು ಅವನಿಗೆ ಆವರೆಗೆ ಹೊಳೆದೇ ಇರಲಿಲ್ಲ. ಜನ ಹೋ ಎಂದು ನಕ್ಕರು. ವೆಂಕಟರಾಯಪ್ಪನವರು ನಗುವಿಗೆ ಕೆಮ್ಮು ಬಂದು ಏರಿಯ ಕಲ್ಲಿನ ಮೇಲೆ ಕುಳಿತೇಬಿಟ್ಟರು.

"ಇಲ್ಲೇ ಹಂಡೆ ಇಟ್ಟುಬಿಡು ಅಕ್ಕಯ್ಯಾ, ಮಗಳನ್ನೂ ಇಲ್ಲೇ ಕರ್ಕೊಂಡ್ಬಾ!" ಎಂದ ಕೋನಪ್ಪ. ಎಂದವನೇ ನಾಲ್ಕು ಜನರನ್ನು ಕರೆದು ಕೆರೆಯಿಂದ ಕೊಡದಲ್ಲಿ ನೀರು ತಂದ. "ಸರೀರಿ, ಸರೀರಿ! ನೀರು ಹಾಕ್ತೀನಿ!"

"ಹಾಕಬೇಡ್ರೋ!" ಲಕ್ಷ್ಮಿದೇವಮ್ಮ ಸೌಟು ಅಡ್ಡ ಚಾಚಿ ಕಿರುಚಿದಳು. ಕೊಡ ಎತ್ತಿದವರು ಎತ್ತಿದಂತೆಯೇ ನಿಂತರು.

ಅವಳ ಕಣ್ಣು ಬೆಂಕಿಯ ಮೇಲಿರಲಿಲ್ಲ. ಬೊಡ್ಡೆಯ ಇನ್ನೊಂದು ತುದಿಯಲ್ಲಿ, ಬೆಂಕಿಗೆ ಒಂದು ಮಾರು ದೂರದಲ್ಲಿ, ತೊಗಟೆ ಬಿಟ್ಟ ಕಡೆ ನೂಲಿನಂತೆ ಹೊಗೆ ಏಳುತ್ತಿತ್ತು. ಅಲ್ಲಿ ಕೆಂಡವಿಲ್ಲ, ಬಿಸಿಯೂ ಇಲ್ಲ. ಬರೀ ಹೊಗೆ, ತೆಳ್ಳಗೆ, ಎಡೆಬಿಡದೆ. ಇಪ್ಪತ್ತೈದು ವರ್ಷ ಒಲೆಯ ಮುಂದೆ ಕುಳಿತವಳಿಗೆ ಹೊಗೆಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಲೆ ಮೆತ್ತಿದ ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊಗೆ ಅದನ್ನು ಹುಡುಕಿ ಹೊರಗೆ ಬರುತ್ತದೆ. ಇಲ್ಲಿಯೂ ಬಂದಿದೆ ಎಂದರೆ, ಆ ತುದಿಯಿಂದ ಈ ತುದಿಗೆ ಗಂಟುಗಳನ್ನು ತಪ್ಪಿಸಿಕೊಂಡು ಒಂದು ಬಿರುಕು ಹಾದುಹೋಗಿದೆ!

"ರೀ! ಬೆಣೆ ಕೊಡ್ರೀ! ಕೋನಪ್ಪಾ, ಸಮ್ಮಟಿಗೆ! ಹೊಗೆ ನಿಂತ್ರೆ ಜಾಗ ಸಿಕ್ಕಲ್ಲ, ಬೇಗ!"

"ಎಲ್ಲಿಡ್ಲಿ ಅಕ್ಕಯ್ಯಾ, ಬಿರುಕೇ ಕಾಣಿಸ್ತಿಲ್ವಲ್ಲ?"

"ಹೊಗೆ ಕಾಣಿಸ್ತದಲ್ಲ! ಅದರ ಬಾಯಿಗೇ ಇಡು!"

ಕೋನಪ್ಪ ಬೆಣೆ ಇಟ್ಟು ಹಿಡಿದ. ಬಯ್ಯಪ್ಪ, ಮಾನ ಉಳಿಸಿಕೊಳ್ಳಬೇಕಾದವನು, ಸಮ್ಮಟಿಗೆಯನ್ನು ತಲೆಯ ಮೇಲೆತ್ತಿ ಬಿಟ್ಟ. ಒಂದು. ಬೆಣೆ ಹಾರಲಿಲ್ಲ. ಎರಡು. ಬೆಣೆ ಎರಡು ಬೆರಳು ಇಳಿಯಿತು. ಬೊಡ್ಡೆಯ ಒಳಗಿನಿಂದ ಕಿರ್ರ್ ಎಂಬ ಸದ್ದು ಬಂತು. ನಗುತ್ತಿದ್ದವರೆಲ್ಲ ಹತ್ತಿರಕ್ಕೆ ನುಗ್ಗಿದರು.

"ಕೇಳಿಸ್ತೇನ್ರೀ? ಈಗ ಕಿವಿಗೊಡಿ, ನಿಮ್ಮ ಬಂಡೆ ವಿದ್ಯೆ ಇಲ್ಲಿಗೆ ಬಂತು!"

ಬಯ್ಯಪ್ಪ ಓಡಿಹೋಗಿ ಬೊಡ್ಡೆಗೆ ಕಿವಿಯಿಟ್ಟು ತಟ್ಟಿದ. ಈ ಸಲ ನಿಜವಾಗಿಯೂ ಪೊಳ್ಳು ಸದ್ದು! "ಇಲ್ಲಿದೆ ಕಣೇ! ಹೀಗೆ ಓಡಿದೆ, ಇಲ್ಲಿ, ಇಲ್ಲಿ!" ಎನ್ನುತ್ತಾ ಬೆರಳಿನಿಂದ ಗೆರೆ ಎಳೆದುಕೊಂಡು ಬಂದ. ಅವನು ಬೆರಳಿಟ್ಟಲ್ಲೆಲ್ಲ ಕೋನಪ್ಪ ಬೆಣೆ ಇಟ್ಟ. ಊರಿನ ಬೆಣೆಗಳೆಲ್ಲ ಬಂದವು, ಬೆಣೆ ಮುಗಿದ ಮೇಲೆ ನೇಗಿಲ ಗುಳ ಬಂತು. ಹೊಡೆಯಲು ನಾ ಮುಂದು ತಾ ಮುಂದು ಎಂದು ಗಂಡಸರು ಸಾಲುಗಟ್ಟಿದರು. ವೆಂಕಟರಾಯಪ್ಪನವರು ಪಂಚೆ ಎತ್ತಿ ಕಟ್ಟಿ, "ಹಾಕ್ರೋ ಐಸಾ! ಇನ್ನೊಂದು ಐಸಾ!" ಎಂದು ತಾವೇ ಕೂಗಿದರು.

ಆರನೆಯ ಬೆಣೆಯಾಗಿ ಇಳಿದ ಆ ಗುಳಕ್ಕೆ ಬೊಡ್ಡೆ ಸಿಡಿಯಿತು. ಬಂಡೆಗೆ ಮದ್ದಿಟ್ಟಂಥ ಸದ್ದು. ಏರಿಯ ಮೇಲಿನ ಎಮ್ಮೆಗಳು ಬಾಲವೆತ್ತಿ ಓಡಿದವು. ಎರಡು ವರ್ಷದಿಂದ ಊರನ್ನು ಅಣಕಿಸಿದ ಕೊರಡು ಎರಡು ಹೋಳಾಗಿ ಮಗ್ಗುಲಿಗೆ ಉರುಳಿತು. ಒಳಗೆ ಕಪ್ಪು ಚೇಗು, ಮೈಮೇಲೆ ಒಂದು ಹನಿ ತೇವವಿಲ್ಲ. ಲಕ್ಷ್ಮಿದೇವಮ್ಮ ಕೈಯಿಟ್ಟು ನೋಡಿದಳು. ಒಲೆಯ ಪಕ್ಕದ ಗೋಡೆಯಂತೆ ಬೆಚ್ಚಗಿತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಆಮೇಲೆ ತಡವೇನು? ಉರಿಯುವ ತುದಿಯನ್ನು ಕಡಿದು ಮಣ್ಣು ಮುಚ್ಚಿದರು. ಬಾಯಿಬಿಟ್ಟ ಹುಣಸೆಯ ಒಂದು ಹೋಳು ಕೊಡಲಿಗೆ ಸಲೀಸಾಗಿ ಸೀಳಿತು, ಇನ್ನೊಂದನ್ನು ಕೆರೆಯ ಕೆಳಗೇ ಬಿಟ್ಟರು. ಹೆಂಗಸರು ತಲೆಯ ಮೇಲೆ, ಗಂಡಸರು ಹೆಗಲ ಮೇಲೆ ಹೊತ್ತು ಸಾಗಿಸಿದರು. ಹೊತ್ತು ಮುಳುಗುವ ಮುಂಚೆ ಬಯ್ಯಪ್ಪನ ನಡುಮನೆಯಲ್ಲಿ ಸೂರು ಮುಟ್ಟುವ ಒಟ್ಟಿಲು ಎದ್ದಿತು. ಈ ಸಲ ಕೆಳಗೆ ನಾಲ್ಕಲ್ಲ, ಎಂಟು ಕಲ್ಲು.

ಅಮ್ಮಾಜಮ್ಮನವರು ಒಂದು ಸೀಳು ಎತ್ತಿಕೊಂಡರು. ಮೂಸಿದರು, ಉಗುರಿನಿಂದ ಕೆರೆದರು, ಇನ್ನೊಂದು ಸೀಳಿಗೆ ತಟ್ಟಿ ಸದ್ದು ಕೇಳಿದರು. ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಹಾಕಿ ಊದುಗೊಳವೆಯಲ್ಲಿ ಊದಿದರು. ಶಾಂತಕುಮಾರಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹುಣಸೆ ಹತ್ತಿಕೊಂಡಿತು. ಹೊಗೆಯಿಲ್ಲದ ನೀಲಿ ಉರಿ, ಗಟ್ಟಿ ಕಾವು. ಹಂಡೆಯ ನೀರು ಗುಯ್ ಎಂದಿತು.

"ಗಾಡಿ ಎತ್ತುಗಳಿಗೆ ಹುಲ್ಲು ಹಾಕ್ಸಿ. ನಾಳೆ ಬರೀ ಗಾಡಿ ಹೋಗ್ಲಿ," ಎಂದರು ಅಮ್ಮಾಜಮ್ಮ.

"ಅಂದ್ರೆ ಶಾಂತ..." ಎಂದಳು ಲಕ್ಷ್ಮಿದೇವಮ್ಮ.

"ಶಾಂತ ಇಲ್ಲೇ ಇರ್ತಾಳೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಹುಣಸೆ ಕೆಂಡದ ನೀರಿಗೆ ಕೈ ಪಳಗಿರಬೇಕು ವದಿನಾ, ಹದ ತಪ್ಪಿದ್ರೆ ಮಗು ಮೈ ಬೆಂದು ಹೋಗುತ್ತೆ. ನೀರು ಹುಯ್ಯೋಕೆ ನಾನೂ ಇರ್ತೀನಿ. ತಿಂಗಳೊಪ್ಪತ್ತು ತಾನೆ?"

ಶಾಂತಕುಮಾರಿ ಬಾಯಿಗೆ ಸೆರಗಿಟ್ಟುಕೊಂಡಳು. ಬಯ್ಯಪ್ಪ ಸದ್ದಿಲ್ಲದೆ ಹಿತ್ತಲಿಗೆ ಜಾರಿದ. ಲಕ್ಷ್ಮಿದೇವಮ್ಮ ಒಂದು ಗಳಿಗೆ ಬೀಗಿತಿಯ ಮುಖ ನೋಡಿದಳು, ಸೂರು ಮುಟ್ಟಿದ ಒಟ್ಟಿಲನ್ನು ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಗಟ್ಟಿಯಾಗಿ ಕೂಗಿದಳು:

"ಕೋನಪ್ಪಾ! ಆ ಇನ್ನೊಂದು ಹೋಳನ್ನೂ ಸೀಳಿ ತಂದುಬಿಡಪ್ಪಾ. ಅಡುಗೆಗೂ ಬೇಕಾಗುತ್ತೆ!"