ಅಂಗಿಯೊಳಗಿನ ಸೆಟ್ಟು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನನ್ನ ತಮ್ಮ. ಆ ವಾಕಿಟಾಕಿ ಕೆಟ್ಟಿದೆ, ಇಲ್ಲಿಟ್ಟು ಹೋಗು ಎಂದು ಬಡಕೊಂಡೆ. ಬೇರೆಯದು ಬಂದಾಗ ಕೊಡುತ್ತೇನೆ ಎಂದು ನನ್ನ ಮೇಜಿನಿಂದಲೇ ಎತ್ತಿಕೊಂಡು ಹೋದ. ಬೆಟ್ಟದ ರಸ್ತೆಯಲ್ಲಿ ಹಿಮ ತಳ್ಳುವ ಗಾಡಿಯ ಡ್ರೈವರ್ ಅವನು, ಅದೇ ಡಿಪೋದಲ್ಲಿ ರೇಡಿಯೊ ರಿಪೇರಿಯವಳು ನಾನು. ಮನೆಯಲ್ಲೇ ಅಕ್ಕನ ಮಾತು ಕೇಳದವನು ಡಿಪೋದಲ್ಲಿ ಕೇಳುತ್ತಾನೆಯೇ?

ಪ್ರತಿ ವಾಕಿಟಾಕಿ ಸೆಟ್ಟಿನ ಹೊಟ್ಟೆಯಲ್ಲೂ ಕಡಲೆಕಾಳಿನಷ್ಟು ದೊಡ್ಡ ಲೋಹದ ಡಬ್ಬಿಯೊಂದಿರುತ್ತದೆ. ಆಸಿಲೇಟರ್ ಅನ್ನುತ್ತೇವೆ. ಅದರೊಳಗೆ ಸ್ಫಟಿಕದ ಚೂರೊಂದು ಒಂದೇ ಲಯದಲ್ಲಿ ಕಂಪಿಸುತ್ತಿರುತ್ತದೆ. ಸೆಟ್ಟು ಯಾವ ಆವರ್ತನದಲ್ಲಿ ಮಾತಾಡಬೇಕೆಂಬುದು ಅದರ ಕೈಯಲ್ಲಿದೆ. ಚಳಿ ಬಿದ್ದರೆ ಲಯ ತಪ್ಪುತ್ತದೆ. ತಪ್ಪದಿರಲೆಂದು, ಬಿಸಿ ತಂಪು ನೋಡಿಕೊಂಡು ವೋಲ್ಟೇಜ್ ಏರಿಳಿಸುವ ಭಾಗ ಪಕ್ಕದಲ್ಲೇ ಇರುತ್ತದೆ. ತಮ್ಮನ ಸೆಟ್ಟಿನಲ್ಲಿ ಆ ಭಾಗ ಸತ್ತಿತ್ತು. ಮಾತಾಡುವ ಬಟನ್ ಒತ್ತಿಟ್ಟು ಐಸ್ ಪೆಟ್ಟಿಗೆಯಲ್ಲಿ ಹಾಕಿ ನೋಡಿದ್ದೆ. ತಣ್ಣಗಾದಂತೆಲ್ಲ ಆವರ್ತನ ಕೆಳಗೆ ಜಾರಿ, ಜಾರಿ, ಕೊನೆಗೆ ಐಸಿನಷ್ಟೇ ತಣ್ಣಗಾದ ಮೇಲೆ ಒಂದು ಕಡೆ ನಿಂತುಬಿಟ್ಟಿತ್ತು.

ಅವತ್ತು ಬೆಳಿಗ್ಗೆ ಹಿಮ ಕುಸಿದು ಅವನ ಗಾಡಿಯನ್ನು ಹೂತುಹಾಕಿತು. ಡಿಪೋದ ಚಾನೆಲ್ಲಿನಲ್ಲಿ ಉಸಿರಿಲ್ಲ. ಅವನ ಹೆಂಡತಿ ಓಡಿಬಂದು ನನ್ನ ಪಕ್ಕ ನಿಂತಳು. ನಾನು ಮೇಜಿನ ಮೇಲಿನ ರಿಸೀವರನ್ನು ಮೆಲ್ಲಗೆ ಕೆಳಕ್ಕೆ ತಿರುಗಿಸುತ್ತ ಹೋದೆ. ಸಿಕ್ಕಿದ.

"ಅಕ್ಕಾ, ಮಾತಾಡೋ ಬಟನ್ ಒತ್ತಿದ್ದು ಹಾಗೇ ಸಿಕ್ಕಾಕೊಂಡಿದೆ. ನೀನು ಮಾತಾಡಿದ್ರೆ ನಂಗೆ ಕೇಳಲ್ಲ. ಗಾಡಿ ಬ್ಯಾಟರಿಗೇ ವೈರ್ ಸಿಕ್ಸಿದೀನಿ. ಸೆಟ್ಟು ಈಗ ಅಂಗಿಯೊಳಗೆ ಹಾಕ್ಕೊಂಡೆ. ಬೆಚ್ಚಗಿದ್ರೆ ನೀನು ಹಿಡೀತೀಯ ಅಂತ ಗೊತ್ತು. ಬೈಬೇಡ."

ಬೈಯದೆ ಬಿಡುತ್ತೇನೆಯೇ? ಅವನಿಗೆ ಕೇಳಿಸದಿದ್ದರೂ ಬಾಯಿಗೆ ಬಂದಂತೆ ಬೈದೆ, ಅಳುತ್ತಲೇ ಬೈದೆ. ಅಷ್ಟರಲ್ಲಿ ರಿಸೀವರಿನ ಮೀಟರಿನಲ್ಲಿ ಆವರ್ತನದ ಅಂಕಿ ಮೇಲೇರತೊಡಗಿತು. ಅವನ ಮೈಯ ಕಾವು ಅದು. ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಕಾಲು ಸೀಟಿನ ಕೆಳಗೆ ಸಿಕ್ಕಿಕೊಂಡಿದೆ, ನೋವೇನೂ ತಿಳಿಯುತ್ತಿಲ್ಲ ಎಂದ. ಹಿಮ ತಿಂದೆ, ಹೆಂಡತಿಯ ಅಡುಗೆಗಿಂತ ಪರವಾಗಿಲ್ಲ ಎಂದ. ಅವಳು ನಗುತ್ತ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲಿತು, ಆಮೇಲೆ ನಿಂತಿತು. ಸೆಟ್ಟಿನ ಗುಂಯ್ ಸದ್ದು ಮಾತ್ರ ಬರುತ್ತಿತ್ತು. ಅಂಕಿ ಇಳಿಯತೊಡಗಿತ್ತು.

ಅಗೆಯುತ್ತಿದ್ದವರ ತಲೆಯ ಮೇಲೆ ಇನ್ನೊಂದು ಹಿಮದ ರಾಶಿ ಈಗಲೋ ಆಗಲೋ ಎಂದು ತೂಗುತ್ತಿತ್ತು. ಡಿಪೋದ ಮೇಸ್ತ್ರಿ ಒಳಗೆ ಬಂದರು. ಒಳ್ಳೆಯ ಮನುಷ್ಯ, ಮುಖ ಎತ್ತಿ ನೋಡಲಾರದೆ ನಿಂತಿದ್ದರು.

"ಜೀವ ಇದೆಯೇನಮ್ಮಾ? ಇದೆ ಅಂದ್ರೆ ಅಗೀತಾನೇ ಇರ್ತೀವಿ. ಇಲ್ಲ ಅಂದ್ರೆ ಅವರನ್ನೆಲ್ಲ ವಾಪಸ್ ಕರೀಬೇಕು. ಅವರಿಗೂ ಹೆಂಡ್ತಿ ಮಕ್ಕಳಿದಾರೆ. ನೀನೇ ಹೇಳು."

ಅಗೆಯಿರಿ ಎಂದೆ. ಅಂಕಿ ಇಳಿಯುತ್ತಿದೆ ಎಂದರೆ ಕಳೆದುಕೊಳ್ಳಲು ಇನ್ನೂ ಕಾವು ಉಳಿದಿದೆ ಎಂದೇ ಅರ್ಥ. ಮೇಸ್ತ್ರಿ ಮತ್ತೆ ಬಂದರು, ಮತ್ತೆ ಅಗೆಯಿರಿ ಎಂದೆ. ಅಲ್ಲಿರುವವರೂ ಹೆತ್ತವರ ಮಕ್ಕಳೇ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ನನ್ನ ಒಡಹುಟ್ಟಿದವನು ಅವನು, ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ.

ಸಂಜೆಯಾಗುತ್ತ ಬಂದಾಗ ಅಂಕಿ ನಿಂತಿತು. ಐಸ್ ಪೆಟ್ಟಿಗೆಯಲ್ಲಿ ನಿಂತ ಜಾಗದಲ್ಲೇ ನಿಂತಿತು. ರಿಸೀವರನ್ನು ಅಲುಗಿಸಿ ನೋಡಿದೆ, ವೈರು ಬಿಚ್ಚಿ ಮತ್ತೆ ಹಾಕಿದೆ. ಅದು ಕದಲಲಿಲ್ಲ.

ಮೇಸ್ತ್ರಿಯ ಕಡೆ ತಿರುಗಿ, ಕರೆಸಿಕೊಳ್ಳಿ ಎಂದೆ. ಅವರು ತಲೆ ತಗ್ಗಿಸಿ ಹೊರಗೆ ಹೋದರು.

ತಮ್ಮನ ಹೆಂಡತಿ ನನ್ನ ರಟ್ಟೆ ಹಿಡಿದುಕೊಂಡಳು.

"ಅತ್ತಿಗೆ, ಸದ್ದು ಬರ್ತಾನೇ ಇದೆಯಲ್ಲ. ಸೆಟ್ಟು ಅಂಗಿಯಿಂದ ಜಾರಿ ಬಿದ್ದಿರಬಹುದು. ಅದಕ್ಕೇ ತಣ್ಣಗಾಗಿರಬಹುದು ಅಲ್ವಾ?"

ಹೌದು ಎಂದುಬಿಡಲು ಬಾಯಿ ತೆರೆದೆ. ಆದರೆ ಸೆಟ್ಟು ಬಿದ್ದಿದ್ದರೆ ಅಂಕಿ ಒಮ್ಮೆಲೇ ಕುಸಿಯುತ್ತಿತ್ತು. ಇದು ಮಧ್ಯಾಹ್ನದಿಂದ ಸಂಜೆಯವರೆಗೆ ಇಷ್ಟಿಷ್ಟೇ ಇಳಿದಿತ್ತು, ಮೈ ತಣ್ಣಗಾಗುವ ಹಾಗೆ.

"ಇಲ್ಲ ಕಣೇ," ಎಂದೆ. "ಅವನು ಅದನ್ನ ಎದೆಯಿಂದ ತೆಗೆದೇ ಇಲ್ಲ."